ನಾನಕ್ ಝೀರಾ: ಕಲ್ಯಾಣದ ನೆರೆಯಲ್ಲಿ ಒಂದು ಪಂಕ್ತಿ

(ಬಸವ ಜಯಂತಿಯ ಅಂಗವಾಗಿ ಕುಂದಾಪುರದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಬಸವಭಕ್ತರು ಸೇರಿದ್ದ ಚಿಂತನಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ಸಂಘಟಕರು ನನಗೆ ಕೊಟ್ಟ ವಿಷಯ ‘ಧರ್ಮಕ್ಷೇತ್ರಗಳು ನಮಗೆ ಏನು ಕಲಿಸುತ್ತವೆ?’ ಎಂಬುದು. ಕೂಡಲಸಂಗಮ, ಬಸವಕಲ್ಯಾಣ, ಉಳವಿ ಇವುಗಳ ಬಗ್ಗೆ ಹೇಳುತ್ತೇನೆಂದು ತಾವು ನಿರೀಕ್ಷಿಸಿರಬಹುದು. ಆ ಮಾತುಗಳನ್ನು ತಾವು ಪ್ರತಿ ವರ್ಷ ಕೇಳಿದ್ದೀರಿ. ಉಳವಿಗಂತೂ ಇಲ್ಲಿಂದ ವರ್ಷಕ್ಕೊಮ್ಮೆ ಹೋಗಿಬರುವವರೂ ಇಲ್ಲಿದ್ದೀರಿ. ನಾನು ಬೀದರ್ ಜಿಲ್ಲೆಯವನು, ಮೇಷ್ಟ್ರಾಗಿ ಈ ಕರಾವಳಿಗೆ ಬಂದವನು. ಹಾಗಾಗಿ ನಮ್ಮ ಜಿಲ್ಲೆಯಲ್ಲೇ ಇರುವ, ಆದರೆ ನಮ್ಮದಲ್ಲದ ಒಂದು ಕ್ಷೇತ್ರವನ್ನು ತಮ್ಮ ಮುಂದಿಡುತ್ತೇನೆ. ಅದು ಬೀದರಿನ ಗುರುದ್ವಾರ, ನಾನಕ್ ಝೀರಾ ಸಾಹೇಬ್. ಬಸವಕಲ್ಯಾಣದಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದಾರಿ.

ಶರಣರು ತೀರ್ಥಯಾತ್ರೆಯನ್ನು ಒಪ್ಪಿದವರಲ್ಲ, ದೇಹವನ್ನೇ ದೇಗುಲ ಮಾಡಿಕೊಂಡವರು, ಅಂಗೈಯಲ್ಲೇ ಲಿಂಗ ಕೊಟ್ಟವರು. ಹೀಗಿರುವಾಗ ಕ್ಷೇತ್ರದ ಮಾತೇಕೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗುರು ನಾನಕರೂ ಹಾಗೆಯೇ. ಮನಸ್ಸಿನ ಕೊಳೆ ತೀರ್ಥದ ಮುಳುಗಿನಿಂದ ಹೋಗುವುದಿಲ್ಲ ಎಂದು ಊರೂರು ತಿರುಗಿ ಹೇಳಿದವರು ಅವರು. ಅಂಥವರ ಹೆಸರಿನಲ್ಲೇ ಒಂದು ನೀರಿನ ಕ್ಷೇತ್ರ ಬೆಳೆದು ನಿಂತಿದೆ. ಹಾಗಾದರೆ ಒಂದು ಊರು ಕ್ಷೇತ್ರವಾಗುವುದು ಯಾವುದರಿಂದ? ನನ್ನ ಇವತ್ತಿನ ಮಾತೆಲ್ಲ ಇದೊಂದೇ ಪ್ರಶ್ನೆಯ ಸುತ್ತ.

ಮುರಕಲ್ಲಿನ ಒರತೆ

ಗುರು ನಾನಕರು ಹುಟ್ಟಿದ್ದು 1469ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ತಲ್ವಂಡಿಯಲ್ಲಿ. ಆ ಊರನ್ನು ಈಗ ನಾನಕಾನಾ ಸಾಹೇಬ್ ಎನ್ನುತ್ತಾರೆ. ನಮ್ಮಲ್ಲಿ ಕಲ್ಯಾಣದ ಕ್ರಾಂತಿ ನಡೆದು ಆಗಲೇ ಮುನ್ನೂರು ವರ್ಷ ಕಳೆದಿತ್ತು. ಅವರು ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. ಜೊತೆಗೆ ರಬಾಬ್ ನುಡಿಸುವ ಮರ್ದಾನಾ ಎಂಬ ಮುಸಲ್ಮಾನ ಗೆಳೆಯ. 16ನೇ ಶತಮಾನದ ಆರಂಭದಲ್ಲಿ ದಕ್ಷಿಣದ ಯಾತ್ರೆಯಲ್ಲಿ ಅವರು ಬೀದರಿಗೆ ಬಂದರೆಂಬುದು ಸಿಖ್ಖರ ಪರಂಪರೆಯ ನಂಬಿಕೆ. ಬಹಮನಿ ರಾಜ್ಯ ಒಡೆದು ಬರೀದರ ಕೈ ಮೇಲಾಗುತ್ತಿದ್ದ ಕಾಲವದು. ಊರ ಹೊರಗೆ ಫಕೀರರು ನೆಲೆಸಿದ್ದ ಜಾಗದಲ್ಲಿ ನಾನಕರು ತಂಗಿದರು. ಅಲ್ಲಿ ಕುಡಿಯುವ ನೀರಿಗೆ ಬರ. ತೋಡಿದಲ್ಲೆಲ್ಲ ಉಪ್ಪುನೀರು. ಜನ ಬಂದು ಕಷ್ಟ ಹೇಳಿಕೊಂಡಾಗ ಅವರು ತಮ್ಮ ಹಾವುಗೆಯ ತುದಿಯಿಂದ ಬಂಡೆಯ ಬುಡವನ್ನು ಸರಿಸಿದರಂತೆ, ಸಿಹಿನೀರು ಚಿಮ್ಮಿತಂತೆ. ಝೀರಾ ಎಂದರೆ ಒರತೆ. ಆ ನೀರು ಇಂದಿಗೂ ಬಂಡೆಯೊಳಗಿನಿಂದ ಹರಿದು ಅಮೃತಕುಂಡ ಎಂಬ ಕೊಳಕ್ಕೆ ಬರುತ್ತದೆ. ಈಗಿರುವ ಗುರುದ್ವಾರ 1948ರಲ್ಲಿ ಕಟ್ಟಿದ್ದು.

ಕುಂದಾಪುರದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಉಬ್ಬರ ಬಂದಾಗ ಪಂಚಗಂಗಾವಳಿಯ ನೀರು ಏನಾಗುತ್ತದೆ, ಹೊಳೆಬದಿಯ ಬಾವಿಯ ನೀರು ಬೇಸಿಗೆಯಲ್ಲಿ ಹೇಗೆ ಸಪ್ಪೆ ತಿರುಗಿ ಉಪ್ಪಾಗುತ್ತದೆ ಎಂದು ತಮಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ನಂಟೂ ಇದೆ. ತಾವು ಮನೆ ಕಟ್ಟುವ ಮುರಕಲ್ಲೇ ಬೀದರಿನ ನೆಲ. ಕೆಂಪು, ತೂತುತೂತಾದ ಕಲ್ಲು. ಅದರ ಅಡಿಗೆ ಗಟ್ಟಿಯಾದ ಕಪ್ಪುಶಿಲೆ. ಮಳೆನೀರು ಮುರಕಲ್ಲಿನಲ್ಲಿ ಇಂಗಿ, ಕೆಳಗಿನ ಶಿಲೆಗೆ ತಡೆದು, ಗುಡ್ಡದ ಬದಿಯಲ್ಲಿ ಒಸರುತ್ತದೆ. ಬೀದರಿನ ಸುಲ್ತಾನರ ಕಾಲದವರು ಇದೇ ಗುಣವನ್ನು ಅರಿತು ನೆಲದಡಿಯಲ್ಲಿ ಸುರಂಗ ಕೊರೆದು ನೀರು ತಂದರು. ನೌಬಾದಿನ ಬಳಿ ಆ ಕರೇಜ್ ಸುರಂಗಗಳನ್ನು ಈಗಲೂ ನೋಡಬಹುದು.

ಒರತೆಗೆ ಭೂಗುಣದ ಕಾರಣ ಕೊಟ್ಟರೆ ಕ್ಷೇತ್ರದ ಮಹಿಮೆ ಕುಂದಿತೇ? ನನಗೆ ಹಾಗೆ ತೋರುವುದಿಲ್ಲ. ಪವಾಡಗಳಿಗೆ ನಮ್ಮ ಶರಣರು ಬೆಲೆ ಕೊಟ್ಟವರಲ್ಲ. ನೀರು ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದ ನೀರನ್ನು ಯಾರು ಯಾರು ಕುಡಿದರು ಎಂಬುದು ನಾವು ಕೇಳಬೇಕಾದ ಪ್ರಶ್ನೆ. ಆ ಕಥೆಯಲ್ಲಿ ಬಾಯಾರಿದವರಿಗೆ ಜಾತಿಯ ಹೆಸರಿಲ್ಲ. ಬೀದರಿನ ನೆಲಕ್ಕೆ ಇದು ಹೊಸದೂ ಅಲ್ಲ. ಪಕ್ಕದ ಅಷ್ಟೂರಿನಲ್ಲಿರುವ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಗೆ ಉರುಸಿನ ದಿನ ಜಂಗಮರು ಬಂದು ಪೂಜೆ ಸಲ್ಲಿಸುವ ಪದ್ಧತಿ ಉಳಿದುಬಂದಿದೆ. ಅಲ್ಲಿನ ಲಿಂಗಾಯತ ಭಕ್ತರು ಆ ವಲಿಯಲ್ಲಿ ಅಲ್ಲಮಪ್ರಭುವನ್ನೇ ಕಾಣುತ್ತಾರೆ.

ಇಬ್ಬರು ಕ್ಷೌರಿಕರು

ಈಗ ಮುಖ್ಯ ಮಾತಿಗೆ ಬರುತ್ತೇನೆ. 1699ರ ಬೈಸಾಖಿಯ ದಿನ, ಪಂಜಾಬಿನ ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದ ಸಿಂಗರು ಸೇರಿದ ಜನದ ಮುಂದೆ ಕತ್ತಿ ಹಿರಿದು ನಿಂತು, ಧರ್ಮಕ್ಕಾಗಿ ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಒಬ್ಬರಾದ ಮೇಲೆ ಒಬ್ಬರಂತೆ ಐವರು ಎದ್ದರು. ಅವರೇ ‘ಪಂಜ್ ಪ್ಯಾರೇ’, ಗುರುವಿನ ಐವರು ಪ್ರೀತಿಪಾತ್ರರು. ಲಾಹೋರಿನ ದಯಾ ರಾಮ್ ಖತ್ರಿ. ಹಸ್ತಿನಾಪುರದ ಧರಮ್ ದಾಸ್ ಜಾಟ, ಬೇಸಾಯದವರು. ಜಗನ್ನಾಥ ಪುರಿಯ ಹಿಮ್ಮತ್ ರಾಯ್ ನೀರು ಹೊರುವವರು. ದ್ವಾರಕೆಯ ಮೊಹ್ಕಮ್ ಚಂದ್ ಬಟ್ಟೆಯ ಕೆಲಸದವರು. ಐದನೆಯವರು ನಮ್ಮ ಬೀದರಿನ ಸಾಹಿಬ್ ಚಂದ್, ಕ್ಷೌರಿಕರ ಮನೆಯವರು. ದೀಕ್ಷೆ ಪಡೆದು ಅವರು ಭಾಯಿ ಸಾಹಿಬ್ ಸಿಂಗ್ ಆದರು. ಕೆಲವೇ ವರ್ಷಗಳಲ್ಲಿ ಚಮಕೌರಿನ ಯುದ್ಧದಲ್ಲಿ ಪ್ರಾಣ ಕೊಟ್ಟರು.

ಕತ್ತರಿ, ಬಾಳು ಹಿಡಿದ ಮನೆತನದವರು ಕೂದಲನ್ನು ಕತ್ತರಿಸದ ದೀಕ್ಷೆಯನ್ನು ತೆಗೆದುಕೊಂಡರು ಎಂಬುದನ್ನು ಗಮನಿಸಿ. ಆ ದಿನ ಇನ್ನೂ ದೊಡ್ಡದೊಂದು ಘಟನೆ ನಡೆಯಿತು. ಐವರಿಗೆ ದೀಕ್ಷೆಯ ಅಮೃತ ಕೊಟ್ಟ ಗುರು, ಆಮೇಲೆ ಅದೇ ಐವರ ಮುಂದೆ ಕೈಯೊಡ್ಡಿ ತಾವೂ ಅಮೃತ ಬೇಡಿದರು. ಗುರು ಶಿಷ್ಯನಾದ. ನೀರು ಹೊರುವವನ, ಕ್ಷೌರ ಮಾಡುವವನ ಕೈಯಿಂದ ಗುರು ದೀಕ್ಷೆ ಪಡೆದ.

ಬಂಧುಗಳೆ, ಇದನ್ನು ಕೇಳಿದಾಗ ನಮಗೆ ಕಲ್ಯಾಣ ನೆನಪಾಗಬೇಕು. ಸಾಹಿಬ್ ಚಂದರಿಗಿಂತ ಐನೂರು ವರ್ಷ ಮೊದಲು, ಅದೇ ನೆರೆಯಲ್ಲಿ, ಪ್ರಧಾನಿ ಬಸವಣ್ಣನವರ ಬಳಿ ಸದಾ ಇದ್ದವರು ಹಡಪದ ಅಪ್ಪಣ್ಣನವರು. ನಿಮ್ಮ ಕಡೆ ಯಾರನ್ನು ಭಂಡಾರಿ ಎನ್ನುತ್ತೀರೋ ಆ ಕಾಯಕದ ಸಮಾಜವನ್ನು ನಮ್ಮ ಕಡೆ ಹಡಪದ ಎನ್ನುತ್ತೇವೆ. ಆ ಸಮಾಜ ಅಪ್ಪಣ್ಣನವರನ್ನು ತನ್ನ ಮೂಲಪುರುಷ ಎಂದು ಪೂಜಿಸುತ್ತದೆ. ಅವರ ಪುಣ್ಯಸ್ತ್ರೀ ಲಿಂಗಮ್ಮನವರೂ ವಚನಕಾರ್ತಿ. ಕ್ಷೌರಿಕನ ಮುಖ ಬೆಳಿಗ್ಗೆ ಎದುರಾದರೆ ಅಪಶಕುನ ಎನ್ನುತ್ತಿದ್ದ ಸಮಾಜದಲ್ಲಿ ಬಸವಣ್ಣನವರು ಅಪ್ಪಣ್ಣನವರನ್ನು ಬಾಗಿಲಲ್ಲೇ ಇಟ್ಟುಕೊಂಡರು. ಕಲ್ಯಾಣದಲ್ಲೂ ತಲೆ ಕೊಟ್ಟವರಿದ್ದಾರೆ. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಕೊಟ್ಟದ್ದಕ್ಕೆ ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆಗೆ ಒಳಗಾದರು.

ಒಬ್ಬರು ಇನ್ನೊಬ್ಬರಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ಇತಿಹಾಸದಲ್ಲಿ ಇಲ್ಲದ ಸಂಬಂಧವನ್ನು ಹೊಸೆಯುವುದು ಶರಣರಿಗೂ ಗುರುಗಳಿಗೂ ಗೌರವ ತರುವುದಿಲ್ಲ. ನಾನು ಹೇಳುವುದು ಇಷ್ಟೇ: ಎರಡೂ ಕಡೆ ಧರ್ಮದ ಅಳತೆಗೋಲು ಒಂದೇ ಆಗಿತ್ತು. ಊರು ಕಡೆಗೆ ತಳ್ಳಿದವನನ್ನು ನೀನು ಎಲ್ಲಿ ಕೂರಿಸಿದೆ?

ಅಡುಗೆಮನೆಯೇ ಗರ್ಭಗುಡಿ

ನಾನಕ್ ಝೀರಾಕ್ಕೆ ಹೋದವರಿಗೆ ಮೊದಲು ಸಿಗುವುದು ಪಾದರಕ್ಷೆ ಬಿಡುವ ಜಾಗ. ಅಲ್ಲಿ ನಿಮ್ಮ ಚಪ್ಪಲಿಯನ್ನು ಕೈಯಲ್ಲಿ ಎತ್ತಿ ಇಡುವವರು ಕೂಲಿಯವರಲ್ಲ, ಸೇವೆಗೆ ನಿಂತ ಭಕ್ತರು. ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋದರೆ ವಿಗ್ರಹವಿಲ್ಲ, ಗ್ರಂಥವಿದೆ. ಗುರು ಗ್ರಂಥ ಸಾಹೇಬ್. ಐದನೆಯ ಗುರು ಅರ್ಜನರು 1604ರಲ್ಲಿ ಅದನ್ನು ಸಂಕಲಿಸಿದರು. ಗುರುಗಳ ವಾಣಿಯ ಜೊತೆಗೆ ನೇಕಾರ ಕಬೀರ, ಚಮ್ಮಾರ ರವಿದಾಸ, ಪಂಢರಪುರದ ಸಿಂಪಿ ನಾಮದೇವ, ಕ್ಷೌರಿಕ ಸೈನ, ಸೂಫಿ ಶೇಖ್ ಫರೀದ್ ಎಲ್ಲರೂ ಅದರಲ್ಲಿದ್ದಾರೆ. 1708ರಲ್ಲಿ ಬೀದರಿಗೆ ಉತ್ತರದ ನಾಂದೇಡಿನಲ್ಲಿ ಗೋವಿಂದ ಸಿಂಗರು ದೇಹ ಬಿಡುವ ಮುನ್ನ, ಇನ್ನು ಮುಂದೆ ವ್ಯಕ್ತಿ ಗುರುವಿಲ್ಲ, ಗ್ರಂಥವೇ ಗುರು ಎಂದರು. ಅಂದರೆ ಚಮ್ಮಾರನ, ಕ್ಷೌರಿಕನ ನುಡಿಯ ಮುಂದೆ ರಾಜನೂ ತಲೆಬಾಗಬೇಕು. ನಮ್ಮಲ್ಲೂ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವರ ವಚನಗಳಿವೆ. ಆದರೆ ಅವು ಮನೆಮನೆಯ ತಾಳೆಗರಿ ಕಟ್ಟಿನಲ್ಲಿ ಉಳಿದು, ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಮಾಡುವ ತನಕ ಸಾಮಾನ್ಯ ಓದುಗರ ಕೈಗೆ ಬರಲಿಲ್ಲ.

ಗ್ರಂಥಕ್ಕೆ ನಮಿಸಿ ಬಂದರೆ ಲಂಗರ್. ನಿಮ್ಮ ಗಂಗೊಳ್ಳಿ ಬಂದರಿನಲ್ಲಿ ಲಂಗರು ಎಂದರೆ ದೋಣಿಯನ್ನು ಹಿಡಿದು ನಿಲ್ಲಿಸುವುದು. ಸಿಖ್ಖರ ಲಂಗರ್ ಒಂದು ಸಮಾಜವನ್ನೇ ಹಿಡಿದು ನಿಲ್ಲಿಸಿದೆ. ನೆಲದ ಮೇಲೆ ಹಾಸಿದ ಉದ್ದ ಚಾಪೆಯಲ್ಲಿ ಎಲ್ಲರೂ ಒಂದೇ ಸಾಲು. ನಾನು ಹೋದಾಗಲೆಲ್ಲ ನನ್ನ ಎಡಬಲದಲ್ಲಿ ಯಾರು ಕೂತರು ಎಂದು ನೋಡುತ್ತೇನೆ. ಲಾರಿ ಚಾಲಕ, ಕಾಲೇಜು ಹುಡುಗಿ, ಆಸ್ಪತ್ರೆಗೆ ಬಂದ ಹಳ್ಳಿಯ ಅಜ್ಜಿ, ಅಮೃತಸರದಿಂದ ಬಂದ ಯಾತ್ರಿಕ. ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ, ಎರಡೂ ಅಂಗೈ ಜೋಡಿಸಿ ಪ್ರಸಾದದಂತೆ ಪಡೆಯಬೇಕು. ದುಡಿದು ತಿನ್ನು, ಹಂಚಿ ತಿನ್ನು, ನಾಮ ನೆನೆ ಎಂಬುದು ನಾನಕರ ಉಪದೇಶದ ಸಾರ. ಕಾಯಕ, ದಾಸೋಹ, ಲಿಂಗಪೂಜೆ ಎಂದು ಕಲಿತ ನಮಗೆ ಇದರ ಅನುವಾದ ಬೇಕಿಲ್ಲ. ಉಣ್ಣುವವರು ಎದ್ದ ಮೇಲೆ ಪಾತ್ರೆ ತೊಳೆಯಲು ಕೂರುವವರಲ್ಲಿ ದೊಡ್ಡ ಅಧಿಕಾರಿಗಳ ಮನೆಯವರೂ ಇರುತ್ತಾರೆ. ಬಡಿಸುವವರು ಒಂದು ಜಾತಿ, ಉಣ್ಣುವವರು ಇನ್ನೊಂದು ಎಂಬುದು ಅಲ್ಲಿಲ್ಲ. ಪಂಕ್ತಿಭೇದ ಎಂಬ ಮಾತಿಗೆ ಈ ಜಿಲ್ಲೆಯಲ್ಲಿ ನಾನು ಅರ್ಥ ಹೇಳಬೇಕಿಲ್ಲ. ಅದರ ವಿರುದ್ಧ ಮಾತಾಡಿದವರ ಕಷ್ಟವೂ ತಮಗೆ ಗೊತ್ತು.

ಇದೆಲ್ಲ ತಾನಾಗಿ ಉಳಿದುಬಂತೆಂದು ತಿಳಿಯಬೇಡಿ. ನೂರು ವರ್ಷಗಳ ಹಿಂದೆ ಗುರುದ್ವಾರಗಳು ವಂಶಪಾರಂಪರ್ಯದ ಮಹಂತರ ಕೈಯಲ್ಲಿದ್ದವು. ಭಕ್ತರು ಕೊಟ್ಟ ಭೂಮಿ ಮಹಂತರ ಸ್ವಂತ ಆಸ್ತಿಯಂತಾಗಿತ್ತು. 1920ರ ಅಕ್ಟೋಬರ್ 12ರಂದು ಅಮೃತಸರದ ಸ್ವರ್ಣಮಂದಿರಕ್ಕೆ, ಹೊಸದಾಗಿ ದೀಕ್ಷೆ ಪಡೆದ ದಲಿತರು ಕಡಾ ಪ್ರಸಾದ ಮಾಡಿಕೊಂಡು ಬಂದರು. ಅರ್ಚಕರು ಅವರ ಕೈಯ ಪ್ರಸಾದ ಮುಟ್ಟಲಿಲ್ಲ. ಜೊತೆಗಿದ್ದ ಸುಧಾರಕರು ಜಗಳಕ್ಕೆ ನಿಲ್ಲಲಿಲ್ಲ. ಗ್ರಂಥವನ್ನೇ ತೆರೆದು ಕೇಳೋಣ ಎಂದರು. ಗ್ರಂಥ ತೆರೆದಾಗ ಬಂದ ನುಡಿ ದೀನರನ್ನು ಅಪ್ಪಿಕೊಳ್ಳುವ ಕರುಣೆಯದಾಗಿತ್ತು. ಅರ್ಚಕರು ಮಣಿದರು. ಅಲ್ಲಿಂದ ಗುರುದ್ವಾರ ಸುಧಾರಣೆಯ ಚಳವಳಿ ಹತ್ತಿಕೊಂಡಿತು. ಮರುವರ್ಷ ನಾನಕರ ಹುಟ್ಟೂರಿನಲ್ಲೇ ಮಹಂತನ ಕಡೆಯವರು ಸತ್ಯಾಗ್ರಹಿಗಳ ನೆತ್ತರು ಹರಿಸಿದರು. 1925ರಲ್ಲಿ ಕಾಯಿದೆ ಬಂದು, ಪಂಜಾಬಿನ ಐತಿಹಾಸಿಕ ಗುರುದ್ವಾರಗಳು ಭಕ್ತರೇ ಚುನಾಯಿಸಿದ ಸಮಿತಿಯ ಕೈಗೆ ಬಂದವು. ಇಷ್ಟೆಲ್ಲ ಆದದ್ದು ಒಂದು ಬಟ್ಟಲು ಪ್ರಸಾದದಿಂದ.

ಅತಿಥಿಗೆ ಊರು ಕೊಡುವ ಉತ್ತರ

ಬೀದರಿನ ಬಗ್ಗೆ ಹೇಳುವಾಗ ನೋವಿನ ಮಾತನ್ನೂ ಹೇಳಬೇಕು. 1980ರಲ್ಲಿ ಅಲ್ಲಿ ಗುರು ನಾನಕರ ಹೆಸರಿನ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ದೆಹಲಿ, ಪಂಜಾಬಿನಿಂದ ಹುಡುಗರು ಓದಲು ಬಂದರು. 1984ರ ದೆಹಲಿಯನ್ನು ಕಂಡ ತಂದೆತಾಯಿಗಳಿಗೆ ಬೀದರ್ ಸುರಕ್ಷಿತವಾದ ಊರಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 1988ರ ಸೆಪ್ಟೆಂಬರಿನಲ್ಲಿ ಅದೇ ಊರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿಗಳಾದವು. ಮಕ್ಕಳು ಕೊಲೆಯಾದರು. ಸಿಹಿನೀರಿನ ಊರಿನಲ್ಲಿ, ಕಲ್ಯಾಣದ ನೆರೆಯಲ್ಲಿ, ಮನೆಗೆ ಬಂದ ಅತಿಥಿಗಳ ಮೇಲೆ ಕೈ ಎತ್ತಲಾಯಿತು. ಆ ಮಕ್ಕಳ ಸಮಾಜ ಏನು ಮಾಡಿತು? ಗುರುದ್ವಾರದ ಬಾಗಿಲು ಮುಚ್ಚಲಿಲ್ಲ. ಅದೇ ಊರಿನವರಿಗೆ ಅದೇ ಲಂಗರಿನಲ್ಲಿ ರೊಟ್ಟಿ ಬಡಿಸುವುದನ್ನು ನಿಲ್ಲಿಸಲಿಲ್ಲ. ಕ್ಷೇತ್ರ ಎಂದರೇನು ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಅದು.

ಸಿಖ್ಖರಲ್ಲಿ ಕೊರತೆ ಇಲ್ಲವೆಂದು ನಾನು ಹೇಳುವುದಿಲ್ಲ. ಎಲ್ಲ ಗಂಡಸರಿಗೂ ಸಿಂಗ್, ಎಲ್ಲ ಹೆಂಗಸರಿಗೂ ಕೌರ್ ಎಂದು ಹೆಸರಿಟ್ಟು ಜಾತಿ ಅಳಿಸಹೊರಟ ಧರ್ಮದಲ್ಲೂ ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತ ಸಿಖ್ಖರಿಗೆ ಬೇರೆ ಗುರುದ್ವಾರ, ಬೇರೆ ಸುಡುಗಾಡು ಉಳಿದಿವೆ. ಬೆಸುಗೆ, ಕಬ್ಬಿಣದ ಕೆಲಸ ಮಾಡುವ ಸಿಕ್ಲಿಗಾರ ಸಿಖ್ಖರು ಇಂದಿಗೂ ಬಡವರು. ಬೇರೊಬ್ಬರ ಮನೆಯ ಬಿರುಕನ್ನು ತೋರಿಸಿ ನಾವು ಹಗುರಾಗುವಂತಿಲ್ಲ. ಬಿರುಕು ಎಲ್ಲಿ ಬೀಳುತ್ತದೆ ಎಂದು ತಿಳಿದರೆ ನಮ್ಮ ಗೋಡೆ ನೋಡಿಕೊಳ್ಳಲು ಅನುಕೂಲ.

2017ರ ಜುಲೈ 19ರಂದು ಬೀದರಿನಲ್ಲೇ ಲಿಂಗಾಯತರ ದೊಡ್ಡ ಸಮಾವೇಶ ನಡೆಯಿತು. ಸ್ವತಂತ್ರ ಧರ್ಮದ ಮಾನ್ಯತೆಯ ಕೂಗು ಅಲ್ಲಿಂದ ರಾಜ್ಯಕ್ಕೆಲ್ಲ ಕೇಳಿಸಿತು. ಅಂದಿನಿಂದ ನಮ್ಮ ಭಾಷಣಗಳಲ್ಲಿ ಸಿಖ್ಖರ ಉದಾಹರಣೆ ಬರುತ್ತಲೇ ಇದೆ. ಅವರಿಗೆ ಸಿಕ್ಕಿದ್ದು ನಮಗೇಕೆ ಇಲ್ಲ ಎಂದು ಕೇಳುತ್ತೇವೆ. ಕೇಳಲಿ, ಕೇಳಬೇಕು. ಆದರೆ ಅವರು ಬೇರೆ ಎಂದು ಹಾದಿಹೋಕನಿಗೂ ತಿಳಿಯುವುದು ಸರ್ಕಾರದ ಆದೇಶ ಓದಿ ಅಲ್ಲ. ಹಸಿದು ಹೋದವನಿಗೆ ಹೆಸರು ಕೇಳದೆ ಅನ್ನ ಸಿಕ್ಕುತ್ತದೆ, ಅದರಿಂದ ತಿಳಿಯುತ್ತದೆ. ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನವರ ಮೂರ್ತಿ ಎದ್ದಿದೆ. 2021ರಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಸಂತೋಷ. ಆ ಮಂಟಪದಲ್ಲಿ ಮುಂದೆ ಯಾರು ಕೂತು ಮಾತಾಡುತ್ತಾರೆ ಎಂಬುದನ್ನು ಕಟ್ಟಡದ ಗುತ್ತಿಗೆದಾರರು ತೀರ್ಮಾನಿಸಲಾರರು. ಅದು ನಮ್ಮ ಊಟದ ಸಾಲಿನಲ್ಲಿ, ನಮ್ಮ ಮನೆಯ ಮದುವೆಯ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಹಡಪದ ಅಪ್ಪಣ್ಣನವರ ಭಾವಚಿತ್ರಕ್ಕೆ ಹಾರ ಹಾಕುವ ನಾವು, ಹಡಪದವರ ಮನೆಯ ಹುಡುಗಿಯನ್ನು ಸೊಸೆಯಾಗಿ ತರಲು ಎಷ್ಟು ಜನ ಸಿದ್ಧರಿದ್ದೇವೆ?

ಕುಂದಾಪುರದ ನಮ್ಮ ಪಾಲು

ಈ ಮಾತು ಇಲ್ಲಿಯ ನಮಗೆ ಹೇಗೆ ತಾಗುತ್ತದೆ ಎಂದು ಹೇಳಿ ಮುಗಿಸುತ್ತೇನೆ. ಲಿಂಗಾಯತ ಅರಸರಾದ ಕೆಳದಿಯವರು ಈ ಕರಾವಳಿಯನ್ನು 1763ರ ತನಕ ಆಳಿದರು. ಆ ಹೆಮ್ಮೆ ನಮ್ಮಲ್ಲಿ ಕೆಲವರಿಗಿದೆ. ಇಂದು ಮಾತ್ರ ನಾವು ಇಲ್ಲಿ ಬೆರಳೆಣಿಕೆಯವರು. ಬ್ಯಾಂಕಿಗೆ, ಶಾಲೆಗೆ, ಕಚೇರಿಗೆ ನೌಕರಿಗೆಂದು ಬಂದವರು. ಇಲ್ಲಿಯವರ ಬಾಯಲ್ಲಿ ನಾವು ‘ಘಟ್ಟದ ಮೇಲಿನವರು’. ಬೀದರಿನಲ್ಲಿ ಸಿಖ್ಖರು ಹೇಗೋ ಇಲ್ಲಿ ನಾವು ಹಾಗೆ. ಈ ಊರು ನಮಗೆ ನೆರಳು ಕೊಟ್ಟಿದೆ.

ಆದರೆ ಘಟ್ಟ ಇಳಿದು ಬಂದವರು ನಾವಷ್ಟೇ ಅಲ್ಲ. ಹೆದ್ದಾರಿ ಅಗಲ ಮಾಡಿದವರು, ಬೈಂದೂರಿನ ಕಡೆ ಮುರಕಲ್ಲು ಎತ್ತುವವರು, ಬ್ರಹ್ಮಾವರದ ಹೊಸ ಕಟ್ಟಡಗಳಿಗೆ ಗಾರೆ ಕಲಸುವವರು, ಬಂದರಿನಲ್ಲಿ ಬುಟ್ಟಿ ಹೊರುವವರು, ಇವರಲ್ಲಿ ಎಷ್ಟೋ ಜನ ಬಾಗಲಕೋಟೆ, ಕೊಪ್ಪಳ, ಗದಗಿನವರು. ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಅವರಲ್ಲಿ ಮಾದಾರ ಚೆನ್ನಯ್ಯನವರ, ನುಲಿಯ ಚಂದಯ್ಯನವರ, ಹಡಪದ ಅಪ್ಪಣ್ಣನವರ ಬಳಗದವರಿದ್ದಾರೆ. ಈ ಸಭೆಯನ್ನು ಒಮ್ಮೆ ತಿರುಗಿ ನೋಡಿ. ಇವತ್ತಿನ ಪ್ರಸಾದಕ್ಕೆ ಅವರನ್ನು ಕರೆದವರು ಯಾರು? ಕರೆದಿದ್ದರೆ ಯಾವ ಸಾಲಿನಲ್ಲಿ ಕೂರಿಸುತ್ತಿದ್ದೆವು?

ಅದಕ್ಕೆ ನನ್ನದೊಂದು ಬಿನ್ನಹ. ಪೂಜ್ಯರ ಅಪ್ಪಣೆಯಾದರೆ ಪ್ರತಿ ಹುಣ್ಣಿಮೆಯ ಸಂಜೆ ಒಂದು ದಾಸೋಹ ಆರಂಭಿಸೋಣ. ಒಂದು ತಿಂಗಳು ಕುಂದಾಪುರ, ಮುಂದಿನ ತಿಂಗಳು ಬೈಂದೂರು, ಆಮೇಲೆ ಬ್ರಹ್ಮಾವರ. ದೊಡ್ಡ ಚಂದಾ ಬೇಡ. ಮನೆಗೊಂದು ಸೇರು ಅಕ್ಕಿ ಅಥವಾ ಜೋಳದ ಹಿಟ್ಟು. ಕುಚ್ಚಲಕ್ಕಿ ಅನ್ನವೂ ಇರಲಿ, ಜೋಳದ ರೊಟ್ಟಿಯೂ ಇರಲಿ. ನೆಲದ ಮೇಲೆ ಒಂದೇ ಸಾಲು. ಈ ತಿಂಗಳು ಬಡಿಸಿದವರು ಮುಂದಿನ ತಿಂಗಳು ಉಣ್ಣಲಿ, ಉಂಡವರು ಬಡಿಸಲಿ. ಗಾರೆ ಕೆಲಸದ ತಾಯಿ ಬಡಿಸಿದ್ದನ್ನು ಬ್ಯಾಂಕಿನ ಮ್ಯಾನೇಜರರು ಎರಡೂ ಅಂಗೈ ಒಡ್ಡಿ ಪಡೆಯಲಿ. ಊಟಕ್ಕೆ ಮುಂಚೆ ಒಂದು ವಚನ ಓದುವುದಿದ್ದರೆ ಶೆಡ್ಡಿನ ಮಗುವಿನ ಕೈಗೆ ಪುಸ್ತಕ ಕೊಡೋಣ. ಊರಿನ ಬಂಧುಗಳು, ಯಾವ ಧರ್ಮದವರೇ ಆಗಲಿ, ಹಾದು ಹೋಗುವಾಗ ಕಂಡರೆ ಕರೆಯೋಣ.

ಬೀದರಿನ ಬಂಡೆಯ ಬುಡದಲ್ಲಿ ಒರತೆ ಇತ್ತು, ಯಾರೋ ಕಲ್ಲು ಸರಿಸಬೇಕಾಗಿತ್ತು. ನಮ್ಮ ಶರಣರು ಎಂಟುನೂರು ವರ್ಷಗಳ ಹಿಂದೆಯೇ ಸಿಹಿನೀರನ್ನು ತೋರಿಸಿ ಹೋಗಿದ್ದಾರೆ. ಅದರ ಮೇಲೆ ನಾವು ಎಳೆದುಕೊಂಡಿರುವ ಒಳಪಂಗಡದ ಕಲ್ಲನ್ನು ನಾವೇ ಸರಿಸಬೇಕು. ಮುಂದಿನ ಹುಣ್ಣಿಮೆಯ ಅಡುಗೆಗೆ ಮೊದಲ ಸೇರು ಅಕ್ಕಿ ನಮ್ಮ ಮನೆಯಿಂದ ಬರುತ್ತದೆ. ಎರಡನೆಯದು ಯಾರದೆಂದು ಸಭೆ ಮುಗಿದ ಮೇಲೆ ನನ್ನ ಬಳಿ ಬಂದು ಹೇಳಿ.